ಸಂಕೋಲೆಯ ಕೈಗೆ ಮದುವೆಯುಂಗುರ
(ಸಂತ ಪೀಟರ್ ಕ್ಲಾವರ್‌ರ ಹಬ್ಬದ ನಿಮಿತ್ತ)



ಸೆಪ್ಟೆಂಬರ್ 8 ಮಾತೆ ಮರಿಯಮ್ಮನವರ ಜನ್ಮೋತ್ಸವ. ಒಂಬತ್ತು ದಿನಗಳ ನವೇನ ಮುಗಿಸಿ, ಮಕ್ಕಳು ಬುಟ್ಟಿಯಲ್ಲಿ ತಂದ ಹೂಗಳನ್ನು ಮಾತೆಗೆ ಅರ್ಪಿಸಿ, ಆಶೀರ್ವದಿಸಿದ ಹೊಸ ತೆನೆಯನ್ನು ಮನೆಗೆ ಒಯ್ದು, ಮನೆಮಂದಿಯೆಲ್ಲ ಒಂದೇ ಪಂಕ್ತಿಯಲ್ಲಿ ಕುಳಿತು ಉಣ್ಣುವ ಹಬ್ಬವಿದು. ಕರಾವಳಿಯ ನಮ್ಮ ಕುಟುಂಬಗಳಲ್ಲಿ ದೂರದ ಮುಂಬಯಿಗೋ ಗಲ್ಫಿಗೋ ಹೋದ ಮಕ್ಕಳಿಗೆ ತೆನೆಯ ನಾಲ್ಕು ಕಾಳನ್ನು ಲಕೋಟೆಯಲ್ಲಿಟ್ಟು ಅಂಚೆಗೆ ಹಾಕುವ ಪದ್ಧತಿಯೂ ಇದೆ. ಪಂಕ್ತಿಯಲ್ಲಿ ಒಬ್ಬರೂ ತಪ್ಪಬಾರದೆಂಬ ಆಸೆ ಅದರ ಹಿಂದಿದೆ.

1654ರಲ್ಲಿ ಇದೇ ಸೆಪ್ಟೆಂಬರ್ 8ರಂದು ದಕ್ಷಿಣ ಅಮೆರಿಕದ ಕಾರ್ತಹೇನಾ ಬಂದರಿನಲ್ಲಿ ಯೇಸುಸಭೆಯ ಗುರು ಪೀಟರ್ ಕ್ಲಾವರ್ ಪ್ರಾಣಬಿಟ್ಟರು. ಮಾತೆಯ ಹಬ್ಬ ಇರುವುದರಿಂದ ಧರ್ಮಸಭೆ ಅವರ ಸ್ಮರಣೆಯನ್ನು ಮರುದಿನ, 9ರಂದು ಇಟ್ಟುಕೊಂಡಿದೆ. ಹಬ್ಬದೂಟದ ಆಯಾಸದಲ್ಲಿ ನಾವು ಆ ದಿನವನ್ನು ಸಾಮಾನ್ಯವಾಗಿ ಮರೆತೇಬಿಡುತ್ತೇವೆ. ಕ್ಲಾವರ್ 1580ರಲ್ಲಿ ಸ್ಪೇನಿನ ವೆರ್ದು ಎಂಬ ಊರಿನಲ್ಲಿ ಹುಟ್ಟಿದವರು. 1610ರಲ್ಲಿ ಕಾರ್ತಹೇನಾಕ್ಕೆ ಬಂದರು, 1616ರಲ್ಲಿ ಗುರುದೀಕ್ಷೆ ಪಡೆದರು. 1622ರಲ್ಲಿ ಅಂತಿಮ ವ್ರತ ಸ್ವೀಕರಿಸುವಾಗ, ತಾನು ಎಂದೆಂದಿಗೂ ಆಫ್ರಿಕನ್ನರ ಗುಲಾಮನೆಂದು ಬರೆದು ಸಹಿ ಹಾಕಿದರು. ಹಡಗುಗಳ ತಳದಲ್ಲಿ ಸರಪಳಿ ಬಿಗಿದು ತಂದ ಜನರ ಬಳಿಗೆ ನೀರು, ಹಣ್ಣು, ಔಷಧಿ ಹಿಡಿದು ಇಳಿಯುತ್ತಿದ್ದ ಈ ಗುರುವನ್ನು 1888ರಲ್ಲಿ ಹದಿಮೂರನೆಯ ಲಿಯೋ ಜಗದ್ಗುರುಗಳು ಸಂತರ ಪಟ್ಟಿಗೆ ಸೇರಿಸಿದರು. ಇದು ನಿಮ್ಮಲ್ಲಿ ಅನೇಕರಿಗೆ ಧರ್ಮೋಪದೇಶದ ತರಗತಿಯಿಂದಲೇ ಗೊತ್ತಿರುವ ಸಂಗತಿ.

ಕ್ಲಾವರ್ ಸ್ವಾಗತಿಸಿದ ಆ ಜನರು ಯಾರ ಗಂಡಂದಿರು, ಯಾರ ಹೆಂಡಂದಿರು? ಹಡಗಿನಿಂದ ಇಳಿದ ಪ್ರತಿಯೊಬ್ಬರಿಗೂ ಸಮುದ್ರದ ಆಚೆ ಒಂದು ಮನೆ ಇತ್ತು. ಅಲ್ಲಿಂದ ಕಿತ್ತು ತಂದು ಎಸ್ಟೇಟಿಗೆ ಮಾರಿದ ಮೇಲೆ ಅವರ ಮದುವೆಯ ಗತಿಯೇನಾಯಿತು? ಇಂದು ಬರೆಯಹೊರಟಿರುವುದು ಈ ಒಂದು ಪ್ರಶ್ನೆಯ ಬಗ್ಗೆ.

ಇಂಗ್ಲೆಂಡಿನ ಬಿ.ಬಿ.ಸಿ. 2018ರ ಡಿಸೆಂಬರಿನಲ್ಲಿ ‘ದಿ ಲಾಂಗ್ ಸಾಂಗ್’ ಎಂಬ ಮೂರು ಕಂತುಗಳ ಐತಿಹಾಸಿಕ ಧಾರಾವಾಹಿಯನ್ನು ಪ್ರಸಾರ ಮಾಡಿತು. ಆಂಡ್ರಿಯಾ ಲೆವಿ ಎಂಬ ಲೇಖಕಿಯ 2010ರ ಕಾದಂಬರಿ ಅದರ ಮೂಲ. 1830ರ ದಶಕದ ಜಮೈಕಾದ ಕಬ್ಬಿನ ತೋಟದಲ್ಲಿ ಕಥೆ ನಡೆಯುತ್ತದೆ. ಜುಲೈ ಎಂಬ ಪುಟ್ಟ ಗುಲಾಮ ಹುಡುಗಿಯನ್ನು ತಾಯಿಯ ಕೈಯಿಂದ ಎತ್ತಿಕೊಂಡು ಹೋಗಿ, ಹೆಸರನ್ನೂ ಬದಲಿಸಿ, ಬಂಗಲೆಯ ಒಡತಿ ತನ್ನ ಊಳಿಗಕ್ಕೆ ಇಟ್ಟುಕೊಳ್ಳುತ್ತಾಳೆ. ಮುಂದೆ ತೋಟಕ್ಕೆ ಹೊಸ ಮೇಲ್ವಿಚಾರಕನಾಗಿ ಬರುವ ತರುಣ ಒಬ್ಬ ಪಾದ್ರಿಯ ಮಗ. ಗುಲಾಮಗಿರಿ ಪಾಪವೆಂದು ನಂಬಿದವನು. ಅವನು ಜುಲೈಯನ್ನು ಪ್ರೀತಿಸುತ್ತಾನೆ, ಆದರೆ ಮದುವೆಯಾಗುವುದು ಒಡತಿಯನ್ನು. ಒಡತಿಯ ಗಂಡನೆಂಬ ಹೆಸರು ಹೊತ್ತು, ಅದೇ ಮನೆಯ ಕೆಳಗಿನ ಕೋಣೆಯಲ್ಲಿ ಜುಲೈಯೊಂದಿಗೆ ಸಂಸಾರ ಹೂಡುತ್ತಾನೆ. ಬಲಿಪೀಠದ ಮುಂದೆ ಕೊಟ್ಟ ಮಾತು ಒಬ್ಬಳಿಗೆ, ಮನಸ್ಸು ಇನ್ನೊಬ್ಬಳಲ್ಲಿ. ಕೊನೆಗೆ ಜುಲೈಗೆ ಹುಟ್ಟಿದ ಮಗುವನ್ನೂ ಆ ದಂಪತಿ ಇಂಗ್ಲೆಂಡಿಗೆ ಒಯ್ಯುತ್ತಾರೆ. ಕಥೆ ಕಲ್ಪಿತ. ಮದುವೆಯೆಂಬ ಪವಿತ್ರ ಹೆಸರನ್ನು ಅನ್ಯಾಯಕ್ಕೆ ಹೊದಿಕೆಯಾಗಿ ಬಳಸಿದ್ದು ಮಾತ್ರ ಕಲ್ಪಿತವಲ್ಲ.

ಜಮೈಕಾ ಪ್ರೊಟೆಸ್ಟೆಂಟರ ನಾಡು, ನಮ್ಮ ಕಥೆ ಬೇರೆ ಎಂದು ಕಥೋಲಿಕರು ಸಮಾಧಾನಪಟ್ಟುಕೊಳ್ಳುವ ಹಾಗಿಲ್ಲ. ನಮ್ಮವರ ತೋಟಗಳೂ ಇದ್ದವು. ಕೆಲವು ತೋಟಗಳ ಒಡೆಯರು ನನ್ನಂತೆಯೇ ಅಭಿಷೇಕ ಪಡೆದ ಗುರುಗಳಾಗಿದ್ದರು.

ಮೊದಲು ಧರ್ಮಸಭೆಯ ಕಾನೂನು ಏನು ಹೇಳಿತು ನೋಡೋಣ. ಸೆಮಿನರಿಯಲ್ಲಿ ವಿವಾಹ ಸಂಸ್ಕಾರದ ಕಾನೂನು ಓದುವಾಗ 1149ನೆಯ ಕಲಮು ಎದುರಾಗುತ್ತದೆ. ದೀಕ್ಷಾಸ್ನಾನ ಪಡೆದ ವ್ಯಕ್ತಿಯೊಬ್ಬನು ಸೆರೆಯ ಕಾರಣದಿಂದಲೋ ಹಿಂಸೆಯ ಕಾರಣದಿಂದಲೋ, ದೀಕ್ಷಾಸ್ನಾನ ಪಡೆಯದ ತನ್ನ ಸಂಗಾತಿಯೊಂದಿಗೆ ಮತ್ತೆ ಬಾಳಲು ಆಗದೇ ಹೋದರೆ ಬೇರೆ ಮದುವೆಯಾಗಬಹುದು ಎಂಬುದು ಅದರ ಸಾರ. ಪರೀಕ್ಷೆಗಾಗಿ ಬಾಯಿಪಾಠ ಮಾಡಿ ಮುಂದೆ ಹೋಗುವ ಕಲಮು ಅದು. ನಮ್ಮ ಧರ್ಮಕೇಂದ್ರಗಳಲ್ಲಿ ಅದನ್ನು ಬಳಸುವ ಸಂದರ್ಭ ಬರುವುದೇ ಅಪರೂಪ. ಆದರೆ ಆ ‘ಸೆರೆ’ ಎಂಬ ಒಂದು ಪದ ಎಲ್ಲಿಂದ ಬಂತು? ಅದು ಗುಲಾಮರ ಹಡಗಿನಿಂದ ಬಂತು. 1585ರ ಜನವರಿ 25ರಂದು ಪೋಪ್ ಜಗದ್ಗುರು ಹದಿಮೂರನೆಯ ಗ್ರೆಗೊರಿಯವರು ಅಂಗೋಲ, ಇಥಿಯೋಪಿಯ, ಬ್ರೆಜಿಲ್ ಮೊದಲಾದ ನಾಡುಗಳ ಬಗ್ಗೆ ಒಂದು ಆಜ್ಞಾಪತ್ರ ಹೊರಡಿಸಿದರು. ಶತ್ರುಗಳ ಕೈಗೆ ಸಿಕ್ಕಿ, ಹೆಂಡತಿಯನ್ನೋ ಗಂಡನನ್ನೋ ಬಿಟ್ಟು, ಅತಿ ದೂರದ ನಾಡಿಗೆ ಸಾಗಿಸಲ್ಪಟ್ಟು, ಅಲ್ಲಿ ಕ್ರೈಸ್ತರಾದವರು ಊರಿನಲ್ಲಿ ಉಳಿದ ಸಂಗಾತಿಯ ಒಪ್ಪಿಗೆ ಕೇಳಲು ಸಾಧ್ಯವೇ ಇಲ್ಲದಿದ್ದಾಗ, ಹೊಸ ಮದುವೆಗೆ ಅನುಮತಿ ಕೊಡುವ ಅಧಿಕಾರವನ್ನು ಆ ಪತ್ರ ಅಲ್ಲಿನ ಧರ್ಮಾಧ್ಯಕ್ಷರಿಗೂ ಧರ್ಮಕೇಂದ್ರದ ಗುರುಗಳಿಗೂ ಯೇಸುಸಭೆಯವರಿಗೂ ಕೊಟ್ಟಿತು.

ಇದನ್ನು ಎರಡು ಬಗೆಯಲ್ಲಿ ಓದಬಹುದು. ಒಂಟಿಯಾಗಿ ಬಂದು ಬಿದ್ದವನಿಗೆ ಮತ್ತೊಂದು ಸಂಸಾರ ಕಟ್ಟಿಕೊಳ್ಳಲು ಧರ್ಮಸಭೆ ಬಾಗಿಲು ತೆರೆಯಿತು, ಇದು ಕರುಣೆ. ಗುಲಾಮನೂ ಮನುಷ್ಯ, ಅವನ ಮದುವೆಯೂ ಮದುವೆ, ಹಿಂದಿನ ಮದುವೆಯನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಲೇಬೇಕು ಎಂದು ಒಪ್ಪಿದ್ದರಿಂದಲೇ ಅಂಥ ಪತ್ರ ಬೇಕಾಯಿತು. ದನಕರುಗಳ ಬಗ್ಗೆ ಯಾರೂ ಆಜ್ಞಾಪತ್ರ ಹೊರಡಿಸುವುದಿಲ್ಲ. ಆದರೆ ಗಂಡ ಹೆಂಡಿರನ್ನು ಅಗಲಿಸಿದ ಆ ಹಡಗನ್ನು ನಿಲ್ಲಿಸಿರೆಂದು ಪತ್ರ ಹೇಳಲಿಲ್ಲ. ಗಾಯಕ್ಕೆ ಪಟ್ಟಿ ಕಟ್ಟಿದೆವು, ಕತ್ತಿ ಹಿಡಿದ ಕೈಯನ್ನು ಹಿಡಿಯಲಿಲ್ಲ.

ಮುಂದಿನ ನೂರೈವತ್ತು ವರ್ಷಗಳ ಕಾನೂನುಗಳೆಲ್ಲ ಹೆಚ್ಚುಕಡಿಮೆ ಇದೇ ದಾರಿ ಹಿಡಿದವು. ಫ್ರಾನ್ಸಿನ ಕಥೋಲಿಕ ಅರಸ ಹದಿನಾಲ್ಕನೆಯ ಲೂಯಿ 1685ರಲ್ಲಿ ಕೆರಿಬಿಯನ್ ದ್ವೀಪಗಳ ಗುಲಾಮರಿಗಾಗಿ ‘ಕೋಡ್ ನ್ವಾರ್’ ಎಂಬ ಸಂಹಿತೆ ತಂದನು. ಒಡೆಯನ ಒಪ್ಪಿಗೆ ಇಲ್ಲದೆ ಗುರುಗಳು ಗುಲಾಮರಿಗೆ ಮದುವೆ ಮಾಡಿಸಬಾರದು. ಒಡೆಯನೂ ಗುಲಾಮರಿಗೆ ಬಲವಂತದ ಮದುವೆ ಮಾಡಿಸಬಾರದು. ಒಬ್ಬನೇ ಒಡೆಯನ ಕೈಕೆಳಗಿರುವ ಗಂಡ, ಹೆಂಡತಿ, ಚಿಕ್ಕ ಮಕ್ಕಳನ್ನು ಬೇರೆ ಬೇರೆಯಾಗಿ ಮಾರಬಾರದು. ಕೇಳಲು ಚೆನ್ನಾಗಿದೆ. ಆದರೆ ಗಂಡ ಒಂದು ತೋಟದವನು, ಹೆಂಡತಿ ಇನ್ನೊಂದು ತೋಟದವಳಾದರೆ ಈ ರಕ್ಷಣೆ ಇಲ್ಲ. ಮಕ್ಕಳು ತಾಯಿಯ ಒಡೆಯನಿಗೆ ಸೇರಿದವರು. ಅದೇ ಸಂಹಿತೆಯಲ್ಲಿ ಇನ್ನೊಂದು ವಿಚಿತ್ರ ಕಲಮಿದೆ. ಗುಲಾಮ ಹೆಣ್ಣಿನಿಂದ ಮಕ್ಕಳನ್ನು ಪಡೆದ ಸ್ವತಂತ್ರ ಗಂಡಸಿಗೆ 2000 ಪೌಂಡ್ ಸಕ್ಕರೆಯ ದಂಡ. ಅವನು ಅವಿವಾಹಿತನಾಗಿದ್ದು ಅವಳನ್ನು ಚರ್ಚಿನಲ್ಲಿ ವಿಧಿವತ್ತಾಗಿ ಮದುವೆಯಾದರೆ ಅವಳೂ ಮಕ್ಕಳೂ ಸ್ವತಂತ್ರರು. ಟಿ.ವಿ. ಕಥೆಯ ಆ ಪಾದ್ರಿಯ ಮಗ ಬದುಕಿದ್ದುದು ಇಂಗ್ಲಿಷರ ದ್ವೀಪದಲ್ಲಿ, ಮತ್ತೊಂದು ಕಾಲದಲ್ಲಿ. ಆದರೂ ಈ ಕಲಮನ್ನು ಓದುವಾಗ ಅವನ ನೆನಪಾಗದೆ ಇರದು.

ಬ್ರೆಜಿಲಿನ ಬಾಹಿಯಾ ಮಹಾಧರ್ಮಪ್ರಾಂತ್ಯ 1707ರಲ್ಲಿ ಮಾಡಿದ ನಿಯಮಾವಳಿ ಇನ್ನೂ ಒಂದು ಹೆಜ್ಜೆ ಮುಂದೆ ಹೋಯಿತು. ಗುಲಾಮರು ಗುಲಾಮರನ್ನಾಗಲಿ ಸ್ವತಂತ್ರರನ್ನಾಗಲಿ ಮದುವೆಯಾಗಬಹುದು, ಒಡೆಯರು ತಡೆಯುವಂತಿಲ್ಲ, ಮದುವೆಯಾದವರಲ್ಲಿ ಒಬ್ಬರನ್ನು ಇನ್ನೊಬ್ಬರು ಹಿಂಬಾಲಿಸಲಾಗದಷ್ಟು ದೂರಕ್ಕೆ ಮಾರುವಂತಿಲ್ಲ. ಆದರೆ ಮದುವೆಯಾದ ಮಾತ್ರಕ್ಕೆ ಗುಲಾಮಗಿರಿಯಿಂದ ಬಿಡುಗಡೆಯಿಲ್ಲವೆಂದೂ ಅದರಲ್ಲಿಯೇ ಬರೆದಿದ್ದರು. ತೋಟದ ಒಡೆಯರು ಜಾಣರು. ಮದುವೆ ಮಾಡಿಸಿದರೆ ಬೇರ್ಪಡಿಸಿ ಮಾರಲು ಅಡ್ಡಿ, ಆದ್ದರಿಂದ ಮದುವೆಯೇ ಬೇಡವೆಂದು ಅನೇಕರು ಸುಮ್ಮನಿದ್ದರು. ಆಮೇಲೆ ಅದೇ ಒಡೆಯರು, ಈ ಜನಕ್ಕೆ ಸಂಸಾರದ ಶಿಸ್ತಿಲ್ಲ ಎಂದು ಆಡಿಕೊಂಡರು.

ಇನ್ನು ನಾನು ಹೇಳಬೇಕೆಂದಿರುವ ಮುಖ್ಯ ಕಥೆಗೆ ಬರುತ್ತೇನೆ. ಇದು ಉತ್ತರ ಅಮೆರಿಕದ ಮೇರಿಲ್ಯಾಂಡಿನದು. ಕ್ಲಾವರ್ ಇನ್ನೂ ಕಾರ್ತಹೇನಾದಲ್ಲಿ ದುಡಿಯುತ್ತಿದ್ದಾಗಲೇ, 1634ರ ಮಾರ್ಚ್ 25ರಂದು, ದೇವದೂತನ ಸಂದೇಶದ ಹಬ್ಬದ ದಿನ, ಯೇಸುಸಭೆಯ ಗುರು ಆಂಡ್ರೂ ವೈಟ್ ಅಲ್ಲಿ ಬಲಿಪೂಜೆ ಅರ್ಪಿಸಿದರು. ಇಂಗ್ಲೆಂಡಿನಲ್ಲಿ ಕಿರುಕುಳಕ್ಕೆ ಒಳಗಾಗಿದ್ದ ಕಥೋಲಿಕರಿಗೆ ಆಶ್ರಯವಾಗಲೆಂದು ಬಾಲ್ಟಿಮೋರ್ ಪ್ರಭುಗಳ ಮನೆತನ ಕಟ್ಟಿಸಿದ ವಸಾಹತು ಅದು. ಅಲ್ಲಿನ ಬೆಳೆ ಹೊಗೆಸೊಪ್ಪು. ಅದೇ ದುಡ್ಡು, ಅದೇ ಸಂಬಳ, ಅದೇ ತೆರಿಗೆ.

ಆ ವಸಾಹತಿನಲ್ಲಿ ಎಲೀನರ್ ಬಟ್ಲರ್ ಎಂಬ ಯುವತಿ ಇದ್ದಳು. ಜನ ಅವಳನ್ನು ‘ಐರಿಷ್ ನೆಲ್’ ಎಂದು ಕರೆಯುತ್ತಿದ್ದರು. ಅವಳು ಗುಲಾಮಳಲ್ಲ, ಬಾಲ್ಟಿಮೋರ್ ಪ್ರಭುಗಳ ಮನೆಯಲ್ಲಿ ಕರಾರಿನ ಮೇಲೆ ದುಡಿಯುತ್ತಿದ್ದ ಬಿಳಿಯ ಹೆಂಗಸು. ಬೋರ್‌ಮನ್ ಎಂಬ ಕಥೋಲಿಕ ಜಮೀನ್ದಾರನ ತೋಟದಲ್ಲಿದ್ದ ಚಾರ್ಲ್ಸ್ ಎಂಬ ಆಫ್ರಿಕನ್ ಗುಲಾಮನ ಮೇಲೆ ಅವಳಿಗೆ ಮನಸ್ಸಾಯಿತು. 1664ರ ಕಾನೂನು ಭೀಕರವಾಗಿತ್ತು. ಸ್ವತಂತ್ರ ಹೆಣ್ಣು ಗುಲಾಮನನ್ನು ಮದುವೆಯಾದರೆ, ಗಂಡ ಬದುಕಿರುವವರೆಗೆ ಅವಳೂ ಅವನ ಒಡೆಯನಿಗೆ ದುಡಿಯಬೇಕು. ಹುಟ್ಟುವ ಮಕ್ಕಳೆಲ್ಲ ಗುಲಾಮರು. 1681ರಲ್ಲಿ ಬೋರ್‌ಮನ್ನನ ತೋಟದಲ್ಲಿ ಕಥೋಲಿಕ ಗುರುವೊಬ್ಬರು ನೆಲ್ ಮತ್ತು ಚಾರ್ಲ್ಸರ ಮದುವೆ ಮಾಡಿಸಿದರು.

ಮದುವೆಯ ದಿನ ಬೆಳಿಗ್ಗೆ ಬಾಲ್ಟಿಮೋರ್ ಪ್ರಭುಗಳೇ ನೆಲ್‌ಳನ್ನು ಎಚ್ಚರಿಸಿದರಂತೆ: ಈ ಮದುವೆಯಾದರೆ ನೀನೂ ನಿನ್ನ ಮಕ್ಕಳೂ ಗುಲಾಮರಾಗುತ್ತೀರಿ, ಗೊತ್ತೇ? ಅವಳು ಹಿಂಜರಿಯಲಿಲ್ಲ. ಪ್ರಭುಗಳನ್ನು ಮದುವೆಯಾಗುವುದಕ್ಕಿಂತ ಚಾರ್ಲ್ಸನನ್ನು ಮದುವೆಯಾಗುವುದೇ ತನಗೆ ಮೇಲೆಂದು ಉತ್ತರ ಕೊಟ್ಟಳಂತೆ. ‘ಅಂತೆ’ ಎನ್ನುತ್ತಿರುವುದಕ್ಕೆ ಕಾರಣವಿದೆ. ಇದು ಸುಮಾರು ಎಂಬತ್ತು ವರ್ಷಗಳ ನಂತರ, ಊರಿನ ಮುದುಕ ಮುದುಕಿಯರು ತಮ್ಮ ಹಿರಿಯರ ಬಾಯಿಂದ ಕೇಳಿದ್ದನ್ನು ನ್ಯಾಯಾಲಯಕ್ಕೆ ಕೊಟ್ಟ ಹೇಳಿಕೆಗಳಲ್ಲಿ ಉಳಿದುಬಂದ ನೆನಪು. ಮಾತು ತುಸು ಬದಲಾಗಿರಬಹುದು. ಆ ಹೆಣ್ಣಿನ ಧೈರ್ಯವನ್ನಂತೂ ಊರು ಎರಡು ತಲೆಮಾರು ಮರೆಯಲಿಲ್ಲ.

ಒಂದು ಕ್ಷಣ ಆ ಗುರುವಿನ ಸ್ಥಾನದಲ್ಲಿ ನಿಂತು ನೋಡಿ. ನೂರಾರು ಮದುವೆಗಳಲ್ಲಿ ನಾವು ಕೇಳುವ ಪ್ರಶ್ನೆ: ಯಾರ ಒತ್ತಾಯವೂ ಇಲ್ಲದೆ, ಪೂರ್ಣ ಮನಸ್ಸಿನಿಂದ ಬಂದಿದ್ದೀರಾ? ಅದಕ್ಕೆ ನೆಲ್‌ಗಿಂತ ಪೂರ್ಣವಾಗಿ ಉತ್ತರ ಕೊಟ್ಟವರು ವಿರಳ. ನಮ್ಮ ಊರುಗಳಲ್ಲಿ ವರದಕ್ಷಿಣೆ ಕಡಿಮೆಯಾಯಿತೆಂದು ಮುರಿದುಬೀಳುವ ಸಂಬಂಧಗಳನ್ನೂ, ಕಾಲದಿಂದ ಬಂದ ಜಾತಿಯನ್ನು ಚರ್ಚಿನೊಳಗೂ ಹೊತ್ತುಕೊಂಡು ಬರುವ ಹಿರಿಯರನ್ನೂ ಕಂಡವರಿಗೆ ಇದು ಅರ್ಥವಾಗುತ್ತದೆ. ಅವಳು ತನ್ನ ಸ್ವಾತಂತ್ರ್ಯವನ್ನೇ ಕೊಟ್ಟು ಗಂಡನನ್ನು ಪಡೆದಳು.

ಆಮೇಲೆ ನಡೆದದ್ದು ಇನ್ನೂ ವಿಚಿತ್ರ. ಬಾಲ್ಟಿಮೋರ್ ಪ್ರಭುಗಳು ಅದೇ 1681ರಲ್ಲಿ ಕಾನೂನನ್ನು ಬದಲಿಸಿದರು. ಗುಲಾಮರ ಸಂಖ್ಯೆ ಹೆಚ್ಚಿಸಿಕೊಳ್ಳುವ ಆಸೆಯಿಂದ ಒಡೆಯರೇ ತಮ್ಮ ಬಿಳಿಯ ಊಳಿಗದ ಹೆಣ್ಣುಗಳನ್ನು ಗುಲಾಮರಿಗೆ ಕಟ್ಟುತ್ತಿದ್ದರು. ಇನ್ನು ಮುಂದೆ ಹಾಗೆ ಮಾಡಿಸಿದರೆ ಹೆಣ್ಣೂ ಮಕ್ಕಳೂ ಸ್ವತಂತ್ರರು. ಒಡೆಯನಿಗೂ, ಮದುವೆ ಮಾಡಿಸಿದ ಗುರುವಿಗೂ ಹೊಗೆಸೊಪ್ಪಿನ ಭಾರೀ ದಂಡ. ಆದರೆ ನೆಲ್‌ಳ ಮದುವೆ ಹೊಸ ಕಾನೂನಿಗಿಂತ ಸ್ವಲ್ಪವೇ ಮುಂಚೆ ನಡೆದಿತ್ತು. ಅವಳ ಮಕ್ಕಳು, ಮೊಮ್ಮಕ್ಕಳು, ಮರಿಮಕ್ಕಳು ಗುಲಾಮರಾಗಿಯೇ ಉಳಿದರು.

ಅವಳ ವಂಶಜರಾದ ವಿಲಿಯಂ ಮತ್ತು ಮೇರಿ ಬಟ್ಲರ್ ದಂಪತಿ ಸ್ವಾತಂತ್ರ್ಯ ಕೋರಿ ದಾವೆ ಹೂಡಿದರು. 1770ರಲ್ಲಿ ಕೆಳಗಿನ ನ್ಯಾಯಾಲಯದಲ್ಲಿ ಗೆದ್ದರು, 1771ರಲ್ಲಿ ಮೇಲ್ಮನವಿಯಲ್ಲಿ ಸೋತರು. ಸೋತ ದಂಪತಿಯ ಮಗಳು, ಅವಳ ಹೆಸರೂ ಮೇರಿಯೇ, ಬಿಡಲಿಲ್ಲ. ನೆಲ್ ಅಪರಾಧಿ ಎಂದು ಯಾವ ನ್ಯಾಯಾಲಯವೂ ತೀರ್ಪು ಕೊಟ್ಟ ದಾಖಲೆಯಿಲ್ಲ, ಹಾಗಿದ್ದ ಮೇಲೆ ಅವಳ ಸಂತತಿಯನ್ನು ಗುಲಾಮರೆಂದು ಇಟ್ಟುಕೊಂಡದ್ದು ಹೇಗೆ ಎಂಬ ವಾದ ನಿಂತಿತು. 1787ರಲ್ಲಿ, ಮುತ್ತಜ್ಜಿಯ ಮದುವೆಯಾಗಿ ನೂರಕ್ಕೂ ಹೆಚ್ಚು ವರ್ಷಗಳಾದ ಮೇಲೆ, ಮೇರಿ ಬಟ್ಲರ್ ಸ್ವತಂತ್ರಳಾದಳು. ಅವಳ ಗೆಲುವಿನ ಸುದ್ದಿ ತೋಟದಿಂದ ತೋಟಕ್ಕೆ ಹಬ್ಬಿ, ಬಟ್ಲರ್ ಹೆಸರಿನ ಎಷ್ಟೋ ಜನ ನ್ಯಾಯಾಲಯದ ಮೆಟ್ಟಿಲು ಹತ್ತಿದರು. ಬೇರೆ ಕುಟುಂಬಗಳೂ ಹತ್ತಿದವು. 1791ರಲ್ಲಿ ಎಡ್ವರ್ಡ್ ಕ್ವೀನ್ ಎಂಬಾತ ತನ್ನ ಅಜ್ಜಿ ಸ್ವತಂತ್ರ ಹೆಂಗಸಾಗಿದ್ದಳೆಂದು ದಾವೆ ಹಾಕಿ 1794ರಲ್ಲಿ ಗೆದ್ದನು. ಅವನ ಎದುರು ಪ್ರತಿವಾದಿಯಾಗಿ ನಿಂತವರು ಗುರು ಜಾನ್ ಆಷ್ಟನ್, ಯೇಸುಸಭೆಯವರ ತೋಟಗಳನ್ನು ನೋಡಿಕೊಳ್ಳುತ್ತಿದ್ದವರು.

ಹೌದು, ಗುರುಗಳ ತೋಟಗಳು. ಸೇಂಟ್ ಇನಿಗೋಸ್, ನ್ಯೂಟೌನ್, ವೈಟ್ ಮಾರ್ಷ್, ಸೇಂಟ್ ಥಾಮಸ್ ಮ್ಯಾನರ್ ಎಂಬ ಎಸ್ಟೇಟುಗಳಲ್ಲಿ ಗುಲಾಮರು ದುಡಿಯುತ್ತಿದ್ದರು, ಅದರ ಆದಾಯದಿಂದ ಸುವಾರ್ತಾಪ್ರಸಾರವೂ ಮುಂದೆ 1789ರಲ್ಲಿ ಸ್ಥಾಪನೆಯಾದ ಜಾರ್ಜ್‌ಟೌನ್ ವಿದ್ಯಾಸಂಸ್ಥೆಯೂ ನಡೆಯುತ್ತಿದ್ದವು. ಕಾರ್ತಹೇನಾದಲ್ಲಿ ಕ್ಲಾವರ್‌ರ ಜೊತೆಗೆ ಹಡಗಿಗೆ ಹೋಗುತ್ತಿದ್ದ ದುಭಾಷಿಗಳು ಕೂಡ ಅಲ್ಲಿನ ಯೇಸುಸಭೆಯ ಕಾಲೇಜಿನ ಗುಲಾಮರೇ ಎಂಬುದನ್ನು ನಾವು ಹಬ್ಬದ ಪ್ರಬೋಧನೆಯಲ್ಲಿ ಹೇಳುವುದಿಲ್ಲ. ಹೇಳಿದರೆ ಸಂತರ ಪಾವಿತ್ರ್ಯಕ್ಕೆ ಕುಂದು ಬರುತ್ತದೆ ಎಂದು ನನಗನಿಸುವುದಿಲ್ಲ. ಅವರೂ ಒಂದು ಕಾಲದಲ್ಲಿ ಬದುಕಿದ್ದವರೆಂದು ತಿಳಿಯುತ್ತದೆ, ಅಷ್ಟೆ.

ಮೇರಿಲ್ಯಾಂಡಿನ ಗುರುಗಳು ತಮ್ಮ ಗುಲಾಮರಿಗೆ ದೀಕ್ಷಾಸ್ನಾನ ಕೊಟ್ಟರು, ಮದುವೆ ಮಾಡಿಸಿದರು, ರಿಜಿಸ್ಟರಿನಲ್ಲಿ ಹೆಸರು ಬರೆದರು. ಸರಕಾರದ ಕಾನೂನು ಗಂಡ ಹೆಂಡಿರನ್ನು ಬೇರೆ ಮಾಡಿ ಮಾರುವುದನ್ನು ತಡೆಯುತ್ತಿರಲಿಲ್ಲ. ಚರ್ಚಿನ ಪುಸ್ತಕದಲ್ಲಿ ಅವರು ದಂಪತಿ, ಎಸ್ಟೇಟಿನ ಲೆಕ್ಕದ ಪುಸ್ತಕದಲ್ಲಿ ಬೆಲೆ ಕಟ್ಟಿದ ಎರಡು ಆಸ್ತಿಗಳು. ಎರಡೂ ಪುಸ್ತಕ ಒಂದೇ ಮನೆಯಲ್ಲಿದ್ದವು.

1830ರ ದಶಕದಲ್ಲಿ ಕಾಲೇಜಿಗೆ ಸಾಲ, ತೋಟಗಳಿಂದ ಆದಾಯ ಕಡಿಮೆ. ಮಾರಬೇಕೆಂಬ ಯೋಚನೆ ಬಂತು. ಒಪ್ಪದ ಗುರುಗಳೂ ಇದ್ದರು. ರೋಮಿನಲ್ಲಿದ್ದ ಯೇಸುಸಭೆಯ ಮಹಾಶ್ರೇಷ್ಠ ಜಾನ್ ರೂಥಾನ್‌ರವರು 1836ರಲ್ಲಿ ಷರತ್ತಿನ ಮೇಲೆ ಅನುಮತಿ ಕೊಟ್ಟರು: ಕುಟುಂಬಗಳನ್ನು ಒಡೆಯಬಾರದು, ಅವರ ಧರ್ಮಾಚರಣೆಗೆ ಅಡ್ಡಿಯಾಗಬಾರದು, ಬಂದ ಹಣವನ್ನು ಸಾಲ ತೀರಿಸಲು ಬಳಸಬಾರದು. 1838ರ ಜೂನ್ 19ರಂದು ಪ್ರಾಂತ್ಯಾಧಿಕಾರಿ ಥಾಮಸ್ ಮಲೆಡಿಯವರು 272 ಜನರ ಪಟ್ಟಿಯಿದ್ದ ಕರಾರಿಗೆ ಸಹಿ ಹಾಕಿದರು. ಬೆಲೆ 1,15,000 ಡಾಲರ್. ಕೊಂಡವರು ದಕ್ಷಿಣದ ಲೂಸಿಯಾನಾದ ಹೆನ್ರಿ ಜಾನ್ಸನ್ ಮತ್ತು ಜೆಸ್ಸಿ ಬೇಟಿ ಎಂಬ ಇಬ್ಬರು ತೋಟದ ಒಡೆಯರು. ಜಾನ್ಸನ್ ಆ ರಾಜ್ಯದ ಗವರ್ನರ್ ಆಗಿದ್ದವನು.

ಪಟ್ಟಿಯಲ್ಲಿ ಮೊದಲ ಹೆಸರು ಐಸಾಕ್ ಎಂಬ ಹಿರಿಯನದು. ಕ್ವೀನ್, ಮಹೋನಿ, ಹಾಕಿನ್ಸ್, ಸ್ಕಾಟ್ ಕುಟುಂಬಗಳಿದ್ದವು. ಬಟ್ಲರ್ ಎಂಬ ಹೆಸರಿನವರೂ ಇದ್ದರು. ಎದೆಹಾಲು ಬಿಡದ ಕೂಸುಗಳಿದ್ದವು. ಕಷ್ಟವಾದದ್ದು ಪಕ್ಕದ ತೋಟದವರನ್ನು ಮದುವೆಯಾಗಿದ್ದವರಿಗೆ. ಗಂಡ ಗುರುಗಳ ಆಸ್ತಿ, ಹೆಂಡತಿ ಪಕ್ಕದ ಜಮೀನ್ದಾರನ ಆಸ್ತಿ. ಅವಳನ್ನು ಕೊಂಡುಕೊಂಡು ಜೊತೆಗೆ ಕಳಿಸಬೇಕು, ಇಲ್ಲವೇ ಅವನನ್ನು ಇಲ್ಲಿಯೇ ಮಾರಬೇಕು. ಕೆಲವರ ವಿಷಯದಲ್ಲಿ ಹಾಗೆ ಮಾಡಿದರು, ಎಲ್ಲರ ವಿಷಯದಲ್ಲಿ ಅಲ್ಲ. ಸೇಂಟ್ ಇನಿಗೋಸಿನಲ್ಲಿದ್ದ ಗುರು ಜೋಸೆಫ್ ಕಾರ್ಬೆರಿಯವರು ಕೊಂಡವರ ಆಳುಗಳು ಬರುವ ಮುಂಚೆ ಕೆಲವರಿಗೆ ಓಡಿಹೋಗಿ ಅಡಗಿಕೊಳ್ಳಲು ಹೇಳಿದರು. ನ್ಯೂಟೌನಿನ ಗುರು ಪೀಟರ್ ಹಾವರ್ಮನ್ಸ್‌ರು ಆ ಜನರ ಅಳುವನ್ನೂ ತಾಳ್ಮೆಯನ್ನೂ ಕಂಡು ರೋಮಿಗೆ ನೋವಿನಿಂದ ಬರೆದರು. ಆದರೂ 1838ರ ನವೆಂಬರಿನಲ್ಲಿ ‘ಕ್ಯಾಥರಿನ್ ಜಾಕ್ಸನ್’ ಎಂಬ ಹಡಗು ಅಲೆಕ್ಸಾಂಡ್ರಿಯಾ ಬಂದರಿನಿಂದ ಹೊರಟಿತು, ಡಿಸೆಂಬರಿನಲ್ಲಿ, ಆಗಮನ ಕಾಲದ ಮೊದಲ ವಾರದಲ್ಲಿ, ನ್ಯೂ ಆರ್ಲಿಯನ್ಸ್ ತಲುಪಿತು. ಬಂದ ಹಣದ ಒಂದು ಭಾಗ ಕಾಲೇಜಿನ ಸಾಲಕ್ಕೇ ಹೋಯಿತು. ಲೂಸಿಯಾನಾದ ಹೊಸ ತೋಟಗಳ ಹತ್ತಿರ ಚರ್ಚೂ ಇರಲಿಲ್ಲ, ಗುರುವೂ ಇರಲಿಲ್ಲ. ಮೂರು ಷರತ್ತುಗಳಲ್ಲಿ ಒಂದೂ ಸರಿಯಾಗಿ ಉಳಿಯಲಿಲ್ಲ. ಮಲೆಡಿಯವರನ್ನು ಹುದ್ದೆಯಿಂದ ಇಳಿಸಿ ರೋಮಿಗೆ ಕರೆಸಿಕೊಂಡರು. ಕೆಲವು ವರ್ಷಗಳಲ್ಲಿ ಅವರು ಮರಳಿ ಬಂದು ಇನ್ನೊಂದು ಕಾಲೇಜಿನ ಅಧ್ಯಕ್ಷರಾದರು. ಅವರಿಗೆ ಮರಳಿ ಬರುವ ದಾರಿ ಇತ್ತು.

ಮರುವರ್ಷ, 1839ರ ಡಿಸೆಂಬರ್ 3ರಂದು, ಹದಿನಾರನೆಯ ಗ್ರೆಗೊರಿ ಜಗದ್ಗುರುಗಳು ಗುಲಾಮ ವ್ಯಾಪಾರವನ್ನು ಖಂಡಿಸಿ ಪತ್ರ ಹೊರಡಿಸಿದರು. ಅದು ಸಮುದ್ರದಾಚೆಯ ವ್ಯಾಪಾರಕ್ಕೆ ಮಾತ್ರ ಅನ್ವಯಿಸುತ್ತದೆ, ನಮ್ಮ ಮನೆಯ ಗುಲಾಮಗಿರಿಗಲ್ಲ ಎಂದು ಅಮೆರಿಕದ ಕೆಲವು ಧರ್ಮಾಧ್ಯಕ್ಷರು ಅರ್ಥ ಮಾಡಿದರು. ಪ್ರಬೋಧನೆ ಪಕ್ಕದ ಮನೆಯವರಿಗೆ ಎಂದುಕೊಳ್ಳುವ ಅಭ್ಯಾಸ ಹಳೆಯದು.

ಇದೇ ಕಾಲದಲ್ಲಿ ನ್ಯೂಯಾರ್ಕಿನಲ್ಲಿದ್ದ ಇನ್ನೊಂದು ದಂಪತಿಯ ವಿಷಯ ಹೇಳದೆ ಮುಂದೆ ಹೋಗಲಾರೆ. ಪಿಯರ್ ತೂಸಾಂ 1766ರಲ್ಲಿ ಇಂದಿನ ಹೈಟಿಯಲ್ಲಿ ಗುಲಾಮನಾಗಿ ಹುಟ್ಟಿದವರು. ಒಡೆಯರೊಂದಿಗೆ 1787ರಲ್ಲಿ ನ್ಯೂಯಾರ್ಕಿಗೆ ಬಂದು, ಶ್ರೀಮಂತ ಹೆಂಗಸರ ಕೂದಲು ಕಟ್ಟುವ ಕಸುಬಿನಲ್ಲಿ ಚೆನ್ನಾಗಿ ಸಂಪಾದಿಸಿದರು. ಒಡೆಯ ತೀರಿಕೊಂಡು ಒಡತಿ ಬಡವಳಾದಾಗ ಅವಳನ್ನು ತಮ್ಮ ದುಡಿಮೆಯಿಂದ ಸಾಕಿದರು. 1807ರಲ್ಲಿ ಅವರಿಗೆ ಬಿಡುಗಡೆಯಾಯಿತು. ಜೂಲಿಯೆಟ್ ಎಂಬ ಗುಲಾಮ ಹುಡುಗಿಯ ಸ್ವಾತಂತ್ರ್ಯವನ್ನು ತಮ್ಮ ಹಣದಿಂದ ಕೊಂಡು, 1811ರಲ್ಲಿ ಅವಳನ್ನು ಮದುವೆಯಾದರು. ಮದುವೆಗೆ ಮುಂಚೆ ಬಿಡುಗಡೆ ಎಂಬ ಕ್ರಮವನ್ನು ಗಮನಿಸಿ. ಒಪ್ಪಿಗೆ ಕೊಡುವ ಹೆಣ್ಣು ಸ್ವತಂತ್ರಳಾಗಿರಬೇಕು. ಯಾವ ಸೆಮಿನರಿಯನ್ನೂ ಕಾಣದ ಆ ಕ್ಷೌರಿಕನಿಗೆ ಅದು ತಿಳಿದಿತ್ತು. ಇಬ್ಬರೂ ಸೇರಿ ಅನಾಥ ಮಕ್ಕಳನ್ನು ಮನೆಯಲ್ಲಿ ಸಾಕಿದರು. 1853ರಲ್ಲಿ ತೀರಿಕೊಂಡ ತೂಸಾಂರವರನ್ನು ದ್ವಿತೀಯ ಜಾನ್ ಪಾಲ್ ಜಗದ್ಗುರುಗಳು 1996ರಲ್ಲಿ ಪೂಜ್ಯರೆಂದು ಘೋಷಿಸಿದರು.

ನಮ್ಮ ನಾಡಿಗೂ ಈ ಹಡಗುಗಳಿಗೂ ಸಂಬಂಧವಿದೆ. ಪೋರ್ಚುಗೀಸರು ಆಫ್ರಿಕದಿಂದ ಗುಲಾಮರನ್ನು ಗೋವಾಕ್ಕೂ ತಂದರು. ಅಲ್ಲಿಂದ ತಪ್ಪಿಸಿಕೊಂಡು ಘಟ್ಟದ ಕಾಡು ಸೇರಿದವರ ಸಂತತಿ ಉತ್ತರ ಕನ್ನಡದ ಸಿದ್ದಿಗಳಲ್ಲಿ ಇದೆ. ಹಳಿಯಾಳದ ಕಡೆ ಬಲಿಪೂಜೆಗೆ ಹೋದವರು ಕಥೋಲಿಕ ಸಿದ್ದಿ ಕುಟುಂಬಗಳನ್ನು ಕಂಡಿರುತ್ತಾರೆ. ಉತ್ತರ ಕನ್ನಡದ ಸಿದ್ದಿಗಳನ್ನು 2003ರಲ್ಲಿ ಪರಿಶಿಷ್ಟ ಪಂಗಡಕ್ಕೆ ಸೇರಿಸಲಾಯಿತು. ದೂರದ ಅಮೆರಿಕದ ಕಥೆ ನಮಗೇಕೆ ಎನ್ನುವವರು, ನಮ್ಮ ಪಕ್ಕದ ಬೆಂಚಿನಲ್ಲಿ ಮೊಣಕಾಲೂರಿದವರ ಹಿರಿಯರು ಯಾವ ದಾರಿಯಿಂದ ಬಂದರೆಂದು ಒಮ್ಮೆ ಕೇಳಿ ನೋಡಲಿ.

ಜಾರ್ಜ್‌ಟೌನಿನಲ್ಲಿ ಹಳೆಯ ಲೆಕ್ಕ ಮತ್ತೆ ತೆರೆದುಕೊಂಡದ್ದು 2015ರಲ್ಲಿ, ವಿದ್ಯಾರ್ಥಿಗಳು ಪ್ರತಿಭಟಿಸಿದಾಗ. ಅಲ್ಲಿಯವರೆಗೆ ಎರಡು ಕಟ್ಟಡಗಳಿಗೆ ಆ ಮಾರಾಟದಲ್ಲಿ ಭಾಗಿಯಾಗಿದ್ದ ಗುರುಗಳ ಹೆಸರಿತ್ತು. 2017ರ ಏಪ್ರಿಲ್ 18ರಂದು, ಪಾಸ್ಖ ಹಬ್ಬದ ವಾರದಲ್ಲಿ, ವಂಶಜರ ಸಮ್ಮುಖದಲ್ಲಿ ಪಶ್ಚಾತ್ತಾಪದ ಪ್ರಾರ್ಥನಾವಿಧಿ ನಡೆಯಿತು, ಯೇಸುಸಭೆಯವರು ಕ್ಷಮೆ ಕೇಳಿದರು. ಪಟ್ಟಿಯ ಮೊದಲ ಹೆಸರಿನ ಐಸಾಕ್ ಹಾಕಿನ್ಸ್‌ನ ಹೆಸರು ಈಗ ಒಂದು ಕಟ್ಟಡದ ಮೇಲಿದೆ. 2021ರಲ್ಲಿ ಅಮೆರಿಕದ ಯೇಸುಸಭೆ ವಂಶಜರೊಂದಿಗೆ ಸೇರಿ ಒಂದು ನಿಧಿ ಸ್ಥಾಪಿಸಿ, 10 ಕೋಟಿ ಡಾಲರ್ ಒದಗಿಸುವುದಾಗಿ ಮಾತು ಕೊಟ್ಟಿತು. ಮಾರಿಹೋದವರ ವಂಶವನ್ನು ಪತ್ತೆಹಚ್ಚಲು ಹೆಚ್ಚು ನೆರವಾದದ್ದು ಮಾರಾಟದ ಕಾಗದಗಳ ಜೊತೆಗೆ ಚರ್ಚಿನ ರಿಜಿಸ್ಟರುಗಳು: ದೀಕ್ಷಾಸ್ನಾನ, ಮದುವೆ, ಮರಣ. ಶನಿವಾರ ಸಂಜೆ ಕಚೇರಿಯಲ್ಲಿ ಕುಳಿತು ಬೇಸರದಿಂದ ತುಂಬಿಸುವ ಆ ದೊಡ್ಡ ಪುಸ್ತಕಗಳ ಮೇಲೆ ನನಗೀಗ ಬೇರೆ ಗೌರವ ಬಂದಿದೆ.

ಆ ಪುಸ್ತಕಗಳಲ್ಲಿ ಸಿಕ್ಕಿದ ಒಬ್ಬನ ಹೆಸರು ಕೊರ್ನೇಲಿಯಸ್ ಹಾಕಿನ್ಸ್. ಐಸಾಕನ ಮೊಮ್ಮಗ. ಹಡಗು ಹತ್ತಿಸಿದಾಗ ಅವನಿಗೆ 13 ವರ್ಷ. ಮೇರಿಲ್ಯಾಂಡಿನಲ್ಲಿ ಗುರುಗಳು ಅವನಿಗೆ ದೀಕ್ಷಾಸ್ನಾನ ಕೊಟ್ಟಿದ್ದರು. ಲೂಸಿಯಾನಾದಲ್ಲಿ ಅವನನ್ನು ಕೈಯಿಂದ ಕೈಗೆ ಮಾರಿದರು. ಹತ್ತಿರ ಚರ್ಚಿಲ್ಲದ ತೋಟದಲ್ಲಿ ಬೆಳೆದು ದೊಡ್ಡವನಾದ, ಗುರುವಿಲ್ಲದೆಯೇ ಸಂಸಾರ ಹೂಡಿದ, ಮಕ್ಕಳಾದವು. ಅಂತರ್ಯುದ್ಧ ಮುಗಿದು 1865ರಲ್ಲಿ ಗುಲಾಮಗಿರಿ ಹೋಯಿತು. 1870ರ ಜನಗಣತಿಯಲ್ಲಿ ಅವನ ಹೆಸರು ಹೆಂಡತಿ ಮಕ್ಕಳ ಜೊತೆ ದಾಖಲಾಗಿದೆ. ಅವನನ್ನು ಮಾರಿದವರು ಯಾವ ಧರ್ಮದವರೆಂದು ಅವನಿಗೆ ಗೊತ್ತಿತ್ತು. ಆದರೂ ಆ ಜನಗಣತಿಯಾದ ಕೆಲವು ವರ್ಷಗಳ ಮೇಲೆ, ಮೊದಲ ಮಗು ಹುಟ್ಟಿ ಸುಮಾರು ಮೂವತ್ತು ವರ್ಷಗಳಾಗಿದ್ದಾಗ, ಅವನು ಹೆಂಡತಿಯನ್ನು ಕರೆದುಕೊಂಡು ಕಥೋಲಿಕ ಗುರುವಿನ ಮುಂದೆ ನಿಂತು ಮದುವೆಯ ಮಾತನ್ನು ಮತ್ತೊಮ್ಮೆ ಹೇಳಿದ. ಗುರುಗಳು ರಿಜಿಸ್ಟರಿನಲ್ಲಿ ಇಬ್ಬರ ಹೆಸರನ್ನೂ ಬರೆದುಕೊಂಡರು.